ಸಡಿಲ ಚಾವಿ

ಬುಧವಾರದ ಮನಿ ಪ್ರಾರ್ಥನಿಯೊಳಗ
ಎಲ್ಲಾರೂ ಸಾಕ್ಷಿ ಹೇಳತಾರ.
ಎಸ್ತೇರವ್ವನ್ನ ಅಂವಾ ರಾತ್ರಿ ಮೂರಕ್ಕ ಹೆಸರು ಹಿಡದು ಕರದನಂತ,
ಪ್ರಭುದಾಸ ಮಾಸ್ತರಗ ಪ್ಲಾಟಿನ ನಂಬರೂ ಹೇಳಿದನಂತ.
ನಾ ಜಮಖಾನಿ ಮ್ಯಾಲ
ನೋಯೂ ಮಣಕಾಲು ಚಾಚಿ ಸುಮ್ಮ ಕೂಡತೀನಿ.
ನನ್ನ ಕೂಡ ಅಂವಾ ಹಂಗ ಮಾತಾಡಿಲ್ಲ.

ಮೂವತ್ತೊಂದು ವರ್ಷ ಗದಗಿನ ಹಳಿಗೆ ನಾ ಕೀಮನ್.
ಹುಲಕೋಟಿ ಕಡೆ ಆರು ಕಿಲೋಮೀಟರ್,
ಹೋಗೂವಾಗ ಒಂದು ಹಳಿ, ಬರೂವಾಗ ಇನ್ನೊಂದು.
ಹೆಗಲಿಗೆ ಸುತ್ತಿಗಿ, ಪಾನಾ, ಸುತ್ತಿಟ್ಟ ಕೆಂಪು ಬಾವುಟ,
ಎರಡೂ ಬಾಜೂಕ ಎರಿಹೊಲ, ಕುಸುಬಿ ಮುಳ್ಳು,
ಧೋತರ ಹರಿಯೂವಂಥಾ ಗಾಳಿ.
ಬಿಗಿ ಇದ್ದ ಚಾವಿಗೆ ಹೊಡದ್ರ ಠಣ್.
ಸಡಿಲಾದದ್ದು ಬರೇ ದಬ್.
ಕಣ್ಣಿಗೆ ಎರಡೂ ಒಂದ.
ಕಿವಿ ಬ್ಯಾಸರ ಮಾಡಕೊಳ್ಳದಿದ್ರ ಗೊತ್ತಾಗತೈತಿ, ಅಷ್ಟ.

ದಬ್ ಅಂದಲ್ಲೆ ನಿಂದರಬೇಕು, ಬಿಗಿ ಮಾಡಬೇಕು.
ಯಾವ ಗಾಡಿ ಬರತೈತಿ, ಒಳಗ ಯಾರದಾರ
ನಮಗ್ಯಾಕ?
ನಾ ಹೊಡದ ಏಟಿಗೆ ಇಂಥಾ ಗಾಡಿ ಉಳೀತು ಅಂತ
ಇವತ್ತಿಗೂ ಒಬ್ರೂ ಬಂದು ಹೇಳಿಲ್ಲ.

ಈಗ ಪಿಂಚಣಿ. ಹಳಿ ಇಲ್ಲ.
ನಸಕಿನ್ಯಾಗ ಎದ್ದು ಕುಂತು
ಒಬ್ಬೊಬ್ಬರ ಹೆಸರು ತಗೊಂಡು ಪ್ರಾರ್ಥನಿ ಮಾಡತೀನಿ.
ಮಗಳು, ಅಳಿಯ, ಬಾಜೂಮನಿ ಫಕೀರವ್ವ, ಆಕಿ ಮಮ್ಮಗನ ಜ್ವರ
ಠಣ್, ಠಣ್, ಠಣ್.
ಗ್ಯಾಂಗಿನ ಏಲಿಯಾ ಅಂದೆ.
ದಬ್.

ಗಾಳಿ ಇರಬೇಕು ಅಂದೆ ಮೊದಲನೇ ದಿನಾ.
ಎರಡನೇ ದಿನಾ ಹೆಸರನ್ನ ಬಿಟ್ಟ ದಾಟಿದೆ,
ಡ್ಯೂಟಿಯೊಳಗ ಎಂದೂ ಮಾಡದ ಕೆಲಸ.
ಮೂರನೇ ದಿನಾ ಅಂವಗ ಲಂಚಾ ಕೊಡಾಕ ನೋಡಿದೆ:
ಗುಡಿ ಛಾವಣಿಗೆ ಐನೂರು ರೂಪಾಯಿ ಹಾಕತೀನಿ, ಅಲ್ಲಿಗೆ ಕಳಸಬ್ಯಾಡ.
ದಬ್.

ಹತ್ತೊಂಬತ್ತು ವರ್ಷದ ಹಿಂದಿಂದು.
ಸಾಮಾನಿನ ಪೆಟ್ಟಿಗಿಗೆ ಕೀಲಿ ಹಾಕೂದು ಮರತಾಂವ ನಾ.
ಎಂಟು ಫಿಶ್‌ಪ್ಲೇಟ್ ಹೋದವು.
ಸಾಹೇಬನ ಬೆರಳು ಏಲಿಯಾನ ಕಡೆ ತಿರಗಿದಾಗ
ಆ ಕೀಲಿ ನನ್ನ ನಾಲಿಗಿಗೆ ಬಿತ್ತು.
ಅವನ ಮೂರು ಇನ್‌ಕ್ರಿಮೆಂಟ್ ಕಡದರು.
ಆ ಐತವಾರನೂ ಒಂದ ಬೆಂಚಿನ್ಯಾಗ ಕುಂತು
ಒಂದ ಬಟ್ಟಲಿನಿಂದ ಕುಡದ್ವಿ.

ನಾಕನೇ ದಿನಾ ಟಂಟಂ ಹತ್ತಿದೆ.
ಬೆಟಗೇರಿ, ಮಗ್ಗದ ಸಪ್ಪಳದ ಓಣಿ.
ಏಲಿಯಾ ಕಟ್ಟಿ ಮ್ಯಾಲ ತೊಗರಿಕಾಯಿ ಸುಲೀತಿದ್ದ.
ನಿಂತಕೊಂಡ ಹೇಳಿದೆ, ಎಲ್ಲಾನೂ.
ಅವನ ಕೈ ನಿಲ್ಲಲಿಲ್ಲ.
‘ಗೊತ್ತಿತ್ತು’ ಅಂದ.
ಇನ್ನೊಂದು ಕಾಯಿ ಸುಲದ.
‘ಮೂರು ಇನ್‌ಕ್ರಿಮೆಂಟು, ಅದರ ಮ್ಯಾಲ ಪಿಂಚಣಿ, ಎಷ್ಟಾತು ಲೆಕ್ಕಾ ಹಾಕೀಯೇನು?
ನಾ ಹಾಕೇನಿ.’
ಅವನ ಹೇಣ್ತಿ ಚಾ ತಂದಳು. ಒಂದ ಕಪ್ಪು.
ಅವನ ಮುಂದ ಇಟ್ಟು ಒಳಗ ಹೋದಳು.

ತಿರಗಿ ಬರೂವಾಗ ಅಂವನ ಜೋಡಿ ಜಗಳಾ ಮಾಡಿದೆ.
ಹೋಗು ಅಂದಿ, ಹೋದೆ. ಏನಾತು?
ಪ್ರಭುದಾಸಗಾದ್ರ ಪ್ಲಾಟ್ ಸಿಕ್ಕಿತು.
ಅಂವಾ ಎಂದಿನಂಗ ಏನೂ ಅನ್ನಲಿಲ್ಲ.

ಮರದಿನಾ ನಸಕಿನ್ಯಾಗ ಏಲಿಯಾ ಅಂದೆ.
ಠಣ್ ಅನ್ನಲಿಲ್ಲ.
ದಬ್ಬೂ ಅಲ್ಲ.
ಆ ನಡುವಿನ ಸಪ್ಪಳ ನನಗ ಗೊತ್ತೈತಿ,
ತುಕ್ಕು ಹಿಡದ ಚಾವಿ ಅದು,
ಒಂದ ಏಟಿಗೆ ಕೂಡೂದಿಲ್ಲ.

ಹಳೇ ಪಗಾರ ಚೀಟಿ ಹುಡಕಿ ತಗದು
ಕಂದೀಲಿನ ಕಾಲದ ಗಣಿತಾ ಮಾಡಿದೆ.
ದೊಡ್ಡ ಮೊತ್ತ. ನನ್ನ ಹತ್ರ ಇಲ್ಲ.
ತಿಂಗಳಿಗಿಷ್ಟು ಅಂದ್ರ ಆದೀತು,
ನಾ ಅಷ್ಟ ವರ್ಷ ಇದ್ರ.

‘ಮತ್ತ ಎಲ್ಲಿಗೆ?’ ಅಂತಾಳ ಲೂದಿಯಾ.
ಅಂಗಿ ಗುಂಡಿ ಹಾಕ್ಕೋತ
ಬೆಟಗೇರಿಗೆ ಅಂತೀನಿ.
‘ಮೊನ್ನೆ ಚಾನೂ ಕೊಡಲಿಲ್ಲಂದ್ರಿ?’

ಮನಿಯೊಳಗ ಕುಡದ ಹೋಗತೀನಿ, ಸೋಸು.